ಕರುಬುಯಂತ್ರ: ಬಳಸುವ ವಿಧಾನ

ಈ ಯಂತ್ರವನ್ನು ಕೊಂಡದ್ದಕ್ಕೆ ಅಭಿನಂದನೆಗಳು ಎಂದು ಶುರುಮಾಡುವುದು ವಾಡಿಕೆ. ಆದರೆ ನೀವು ಕೊಂಡದ್ದು ಫೋನು. ಯಂತ್ರ ಅದರ ಜೊತೆ ಪುಕ್ಕಟೆ ಬಂದದ್ದು. ಮಿಕ್ಸಿ ಡಬ್ಬದೊಳಗಿನ ಪುಸ್ತಿಕೆಯ ಹಾಗೆ ಇದನ್ನೂ ನೀವು ಓದದೆ ಡ್ರಾಯರಿಗೆ ತಳ್ಳುತ್ತೀರಿ ಅಂತ ಗೊತ್ತು. ಆದರೂ ಬರೆಯಲೇಬೇಕಾಗಿದೆ. ರಾತ್ರಿ ಹನ್ನೊಂದೂವರೆಗೆ ಲೈಟು ಆರಿಸಿ, ಅಂಗಾತ ಮಲಗಿ, ಬರೀ ಹೆಬ್ಬೆರಳಲ್ಲಿ ಇದನ್ನು ನಡೆಸುವವರು ಹೆಚ್ಚಾಗಿದ್ದಾರೆ.

ಬಿಡಿಭಾಗಗಳು

ಮುಗಿಯದೆ ಉರುಳುತ್ತಲೇ ಇರುವ ಪುಟ: 2006ರಲ್ಲಿ ಏಜಾ ರಾಸ್ಕಿನ್ ಎಂಬ ವಿನ್ಯಾಸಕಾರ ರೂಪಿಸಿದ್ದು. ಮಾಡಬಾರದಿತ್ತು ಎಂದು ಆಮೇಲೆ ಆತನೇ ಹೇಳಿಕೊಂಡ. ಎತ್ತಿದ ಹೆಬ್ಬೆರಳು, ಅಂದರೆ ಲೈಕು: ಫೇಸ್‌ಬುಕ್ಕಿಗೆ 2009ರಲ್ಲಿ ಬಂತು. ಮುಖಕ್ಕೆ ಬಿಸಿಲು ಬಳಿಯುವ ಫಿಲ್ಟರು: ಇನ್‌ಸ್ಟಾಗ್ರಾಂ ಜೊತೆ 2010ರಲ್ಲಿ. ಇಪ್ಪತ್ನಾಲ್ಕು ಗಂಟೆ ಬಾಳುವ ವಾಟ್ಸಾಪ್ ಸ್ಟೇಟಸ್: 2017ರಲ್ಲಿ. ಭಾಗಗಳೆಲ್ಲ ಗಟ್ಟಿಯಾಗಿವೆ, ಸವೆಯುವುದಿದ್ದರೆ ನೀವೇ. ಇದು ತಯಾರಕರಿಗೆ ಗೊತ್ತಿಲ್ಲದ ವಿಷಯವೇನಲ್ಲ. 2021ರಲ್ಲಿ ಫ್ರಾನ್ಸಿಸ್ ಹೌಗನ್ ಎಂಬ ಫೇಸ್‌ಬುಕ್ಕಿನ ಮಾಜಿ ಉದ್ಯೋಗಿ ಹೊರಗೆ ತಂದ ಕಡತಗಳಲ್ಲಿ, ತಮ್ಮ ಮೈಕಟ್ಟಿನ ಬಗ್ಗೆ ಕೊರಗುವ ಹುಡುಗಿಯರ ಕೊರಗನ್ನು ಇನ್‌ಸ್ಟಾಗ್ರಾಂ ಇನ್ನಷ್ಟು ಹೆಚ್ಚಿಸುತ್ತದೆ ಎಂದು ಕಂಪನಿಯ ಸಂಶೋಧಕರೇ ಬರೆದಿಟ್ಟಿದ್ದರು.

ಇಂಧನ

ಸಿಕ್ಕಿದ್ದನ್ನೆಲ್ಲ ತುಂಬಿದರೆ ಯಂತ್ರ ಸ್ಟಾರ್ಟ್ ಆಗುವುದಿಲ್ಲ. ಮುಂಬೈಯಲ್ಲಿ ಅಂಬಾನಿಯವರ ಆಂಟಿಲಿಯಾಕ್ಕೆ 27 ಮಹಡಿ. ಅದನ್ನು ನೋಡಿ ನಿದ್ದೆಗೆಟ್ಟ ಕನ್ನಡಿಗ ಇನ್ನೂ ಹುಟ್ಟಿಲ್ಲ. ಅದೇ, ಪಿಯುಸಿಯಲ್ಲಿ ನಿಮ್ಮ ಫಿಸಿಕ್ಸ್ ರೆಕಾರ್ಡ್ ನೋಡಿ ಬರೆದುಕೊಂಡವನು ಯಲಹಂಕದಲ್ಲಿ ಮೂರು ಬೆಡ್‌ರೂಮಿನ ಮನೆ ಕಟ್ಟಿಸಿದ ಅಂತಾಗಲಿ, ಇಂಜಿನ್ನು ಒಂದೇ ಕಿಕ್ಕಿಗೆ ಹೊತ್ತಿಕೊಳ್ಳುತ್ತದೆ. ಲಿಯಾನ್ ಫೆಸ್ಟಿಂಗರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1954ರಲ್ಲೇ ಇದನ್ನು ಹೇಳಿಟ್ಟಿದ್ದಾನೆ. ತಾನು ಎಷ್ಟರವನು ಎಂದು ಅಳೆಯಲು ಬೇರೆ ಅಳತೆಗೋಲು ಇಲ್ಲದಾಗ ಮನುಷ್ಯ ಇನ್ನೊಬ್ಬ ಮನುಷ್ಯನನ್ನೇ ಕೋಲು ಮಾಡಿಕೊಳ್ಳುತ್ತಾನೆ, ಅದರಲ್ಲೂ ಹೆಚ್ಚುಕಡಿಮೆ ತನ್ನಂಥವನನ್ನೇ. ಫೆಸ್ಟಿಂಗರನ ಕಾಲದಲ್ಲಿ ಅಂಥವರು ಕಣ್ಣಿಗೆ ಬೀಳಬೇಕಾದರೆ ಯಾರದೋ ಮದುವೆಗೋ ಜಾತ್ರೆಗೋ ಹೋಗಬೇಕಿತ್ತು. ಈಗ ‘ಎಸ್ಸೆಸ್ಸೆಲ್ಸಿ ಬ್ಯಾಚ್’ ಅಂತ ಗ್ರೂಪ್ ಇದೆ. ಇಂಧನ ಮನೆಬಾಗಿಲಿಗೇ ಬರುತ್ತದೆ.

ನಡೆಸುವ ಕ್ರಮ

ಸ್ನೇಹಿತನ ಗೃಹಪ್ರವೇಶದ ಫೋಟೋ ತೆರೆಯಿರಿ. ಎರಡು ಬೆರಳಿನಿಂದ ಹಿಗ್ಗಿಸಿ. ಮೊದಲು ಫಾಲ್ಸ್ ಸೀಲಿಂಗು, ಆಮೇಲೆ ದೇವರಮನೆ ಬಾಗಿಲಿಗೆ ತೇಗವೋ ಹೊನ್ನೆಯೋ ಅಂತ ಪರೀಕ್ಷೆ, ಆಮೇಲೆ ಅವನ ಹೆಂಡತಿಯ ಸೀರೆ. ಹಾಲ್ ನಡುವೆ ಹೂವಿನ ಹಾರ ಹಾಕಿಕೊಂಡ ಹಸು ನಿಂತಿರುತ್ತದೆ. ಕನ್ನಡಿಯಂಥ ಟೈಲ್ಸ್ ಮೇಲೆ ಅದರ ಗೊರಸು ಜಾರದಿರಲಿ ಅಂತ ಗೋಣಿಚೀಲ ಹಾಸಿರುತ್ತಾರೆ, ಅದರ ಒಂದು ತುದಿ ಫೋಟೋದ ಕೆಳಗಡೆ ಇಣುಕುತ್ತಿರುತ್ತದೆ. ಎಚ್ಚರಿಕೆ: ಗೋಣಿಚೀಲದ ಕಡೆ ನೋಡಬೇಡಿ. ನೋಡಿದರೆ ಕಟ್ಟಿಸಿಕೊಂಡವರ ಫಜೀತಿ ನೆನಪಾಗಿ ಇಂಜಿನ್ನು ಆಫ್ ಆಗುತ್ತದೆ.

ಈಗ ಲೆಕ್ಕ. ಅವನ ಮನೆಯಿಂದ ನಿಮ್ಮ ಬಾಡಿಗೆ ಮನೆಯನ್ನು ಕಳೆಯಿರಿ. ಅವನ ಅಪ್ಪ ಬಿಟ್ಟುಹೋದ ಅಡಿಕೆ ತೋಟವನ್ನು ಲೆಕ್ಕಕ್ಕೆ ಹಿಡಿಯಕೂಡದು, ಉತ್ತರ ತಪ್ಪುತ್ತದೆ. ಬಂದ ಶೇಷವನ್ನು ನಿಮ್ಮ ವಯಸ್ಸಿನಿಂದ ಗುಣಿಸಿ, ಎದೆಯ ಮೇಲಿಟ್ಟುಕೊಳ್ಳಿ. ಗ್ರೂಪಿನಲ್ಲಿ ‘ಕಂಗ್ರಾಟ್ಸ್ ಮಗಾ, ಸೂಪರ್’ ಅಂತ ಟೈಪಿಸಿ, ಕೆಂಪು ಹೃದಯ ಎರಡು ಸಾಕು. ಮೂರು ಹಾಕಿದರೆ ಹೊಟ್ಟೆ ಉರಿದಿದೆ ಅಂತ ಗೊತ್ತಾಗಿಬಿಡುತ್ತದೆ.

ಬೆಳಿಗ್ಗೆಯೊಳಗೆ ಇದೇ ಫೋಟೋ ಊರಿನಿಂದ ಅಮ್ಮನ ನಂಬರಿನಲ್ಲಿ ಬರುತ್ತದೆ. ಜೊತೆಗೆ ಒಂದಕ್ಷರವೂ ಇರುವುದಿಲ್ಲ. ಸಂಜೆ ಫೋನು ಮಾಡಿ, ‘ನೋಡಿದ್ಯೇನೋ? ನಾನೇನೂ ಹೇಳ್ಲಿಲ್ಲಪ್ಪ, ಸುಮ್ನೆ ಕಳಿಸ್ದೆ’ ಅನ್ನುತ್ತಾರೆ. ಯಂತ್ರದ ಹೈಸ್ಪೀಡು ಅಂದರೆ ಇದೇ.

ಮಡಿಕೇರಿಯ ಹೋಂಸ್ಟೇ ಚಿತ್ರಗಳಿಗೂ ಕ್ರಮ ಇದೇ. ಕಂಬಿಯ ಮೇಲೆ ಕಾಫಿ ಲೋಟ, ಹಿಂದೆ ಮಂಜು. ಕಾಲ್ಬೆರಳ ಸಂದಿಗೆ ಕಚ್ಚಿಕೊಂಡ ಜಿಗಣೆಯಾಗಲಿ, ವಾಪಸು ಬರುವಾಗ ಕಾರಿನಲ್ಲಿ ಗಂಡ ಹೆಂಡಿರು ಮೈಸೂರು ದಾಟುವ ತನಕ ಮಾತುಬಿಟ್ಟದ್ದಾಗಲಿ ಆ ಚೌಕದೊಳಗೆ ಬರುವುದಿಲ್ಲ.

ಲಿಂಕ್ಡ್‌ಇನ್ ಮಾದರಿ ಕೊಂಚ ಬೇರೆ. ಅಲ್ಲಿ ಜನ ಬಡ್ತಿ ಸಿಕ್ಕಾಗಲೆಲ್ಲ ವಿನಮ್ರರಾಗುತ್ತಾರೆ. ಇಷ್ಟೊಂದು ವಿನಯ ಒಂದೇ ಕಡೆ ಸೇರಿದ್ದು ಲೋಕದ ಇತಿಹಾಸದಲ್ಲಿ ಇದೇ ಮೊದಲಿರಬೇಕು. ಅದನ್ನೋದಿ ‘ನನ್ನ ಕೈಲಿ ಏನಾಗುತ್ತೆ, ಇಲ್ಲಿತನಕ ಹೇಗೋ ತೂರಿಕೊಂಡು ಬಂದಿದ್ದೇನೆ, ಒಂದು ದಿನ ಸಿಕ್ಕಿಬೀಳ್ತೇನೆ’ ಅನ್ನಿಸತೊಡಗಿದರೆ ಗಾಬರಿ ಬೇಡ, ಈ ಸದ್ದು ಹಳೆಯದು. 1978ರಲ್ಲಿ ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ಎಂಬಿಬ್ಬರು ಮನಶ್ಶಾಸ್ತ್ರಜ್ಞೆಯರು ಇದನ್ನು ದಾಖಲಿಸಿದರು. ದಾಖಲಿಸಿದ್ದು ಸೋತವರಲ್ಲಿ ಅಲ್ಲ, ಪದವಿ ಪುರಸ್ಕಾರಗಳನ್ನೆಲ್ಲ ಪಡೆದಿದ್ದ ಹೆಂಗಸರಲ್ಲಿ. ಗೆದ್ದದ್ದೆಲ್ಲ ಅದೃಷ್ಟ, ಇಲ್ಲವೇ ಯಾರದೋ ಕಣ್ತಪ್ಪು ಎಂದು ಅವರು ನಂಬಿದ್ದರು. ವಿನಮ್ರರಾದ ಆ ಮ್ಯಾನೇಜರ್ ಸಾಹೇಬರೂ ಪೋಸ್ಟು ಹಾಕಿದ ಮೇಲೆ ಬಾತ್‌ರೂಮಿನಲ್ಲಿ ಕೂತು ಲೈಕು ಎಣಿಸುತ್ತಿರಬಹುದು.

ಮೆಕ್ಯಾನಿಕ್ಕುಗಳಿಗೆ ಮಾತ್ರ

‘ಎಲ್ಲರೂ ನನಗಿಂತ ಮುಂದಿದ್ದಾರೆ’ ಎಂಬ ದೂರು ಪದೇ ಪದೇ ಬರುತ್ತದೆ. ಯಂತ್ರ ಕೆಟ್ಟಿಲ್ಲ, ಅದು ನಡೆಯುವುದೇ ಹಾಗೆ. ನಾಲ್ಕು ಜನರ ಒಂದು ಗುಂಪು ಅಂತಿಟ್ಟುಕೊಳ್ಳಿ. ಒಬ್ಬ ಮಾತುಗಾರ, ಅವನಿಗೆ ಉಳಿದ ಮೂವರೂ ಗೆಳೆಯರು. ಆ ಮೂವರಿಗೆ ಅವನೊಬ್ಬನೇ ಗೆಳೆಯ. ಈಗ ಒಬ್ಬೊಬ್ಬರನ್ನೇ ಕೇಳುತ್ತ ಹೋಗಿ. ‘ನನಗಿರುವುದು ಒಬ್ಬ, ನನ್ನ ಗೆಳೆಯನಿಗೆ ಮೂವರು’ ಎಂದು ನಾಲ್ವರಲ್ಲಿ ಮೂವರು ಸಪ್ಪೆ ಮೋರೆ ಹಾಕುತ್ತಾರೆ. ಯಾರದೂ ತಪ್ಪಿಲ್ಲ, ಯಾರೂ ಸುಳ್ಳು ಹೇಳುತ್ತಿಲ್ಲ. ನಾಲ್ಕು ಜನಕ್ಕೆ ಬದಲು ಊರನ್ನೇ ತೆಗೆದುಕೊಂಡರೂ ಲೆಕ್ಕ ಬಾಗುವುದು ಅದೇ ಕಡೆಗೆ ಎಂದು ಸ್ಕಾಟ್ ಫೆಲ್ಡ್ ಎಂಬ ಸಮಾಜಶಾಸ್ತ್ರಜ್ಞ 1991ರಲ್ಲಿ ತೋರಿಸಿದ. ಹೆಚ್ಚು ಗೆಳೆಯರಿರುವವನು ಹೆಚ್ಚು ಜನರ ಪಟ್ಟಿಯಲ್ಲಿ ಕೂತಿರುತ್ತಾನೆ, ಅಷ್ಟೇ.

ನನ್ನ ಮಟ್ಟಿಗೆ, ಈ ಯಂತ್ರದ ಬಗ್ಗೆ ತಿಳಿಯಬೇಕಾದ ಮುಖ್ಯ ಸಂಗತಿ ಇದೊಂದೇ. ಪ್ರವಾಸ ಹೋದವನು ನಲವತ್ತು ಫೋಟೋ ಹಾಕುತ್ತಾನೆ. ಮನೆಯಲ್ಲೇ ಕೂತು ಚಿತ್ರಾನ್ನ ತಿಂದವನು ಒಂದೂ ಹಾಕುವುದಿಲ್ಲ. ಚಿತ್ರಾನ್ನದವರು ಎಷ್ಟೇ ಜನ ಇರಲಿ, ತೆರೆಯ ಮೇಲೆ ಮೆರವಣಿಗೆ ಹೊರಡುವುದು ಪ್ರವಾಸಿಗಳದ್ದು. ಅದರ ಸರಾಸರಿ ತೆಗೆದು ಪಕ್ಕದಲ್ಲಿ ನಿಮ್ಮ ಭಾನುವಾರವನ್ನು ನಿಲ್ಲಿಸಿದರೆ ಅದು ಕುಳ್ಳಗೆ ಕಾಣದೆ ಇನ್ನೇನು? ನೆನಪಿರಲಿ, ಹೋದ ತಿಂಗಳು ಸಹೋದ್ಯೋಗಿಯ ಮದುವೆಗೆಂದು ಹೋದ ರೆಸಾರ್ಟಿನಲ್ಲಿ ಈಜುಕೊಳದ ಪಕ್ಕ ನಿಂತು ತೆಗೆಸಿಕೊಂಡ ನಿಮ್ಮ ಫೋಟೋ ಕೂಡ ಯಾರದೋ ಯಂತ್ರಕ್ಕೆ ಇಂಧನವಾಗಿದೆ.

ರಿವರ್ಸ್ ಗೇರ್

ನಮಗಿಂತ ಕೆಳಗಿರುವವರನ್ನು ನೋಡಿ ಸಮಾಧಾನ ಪಡುವುದು. ‘ಅವನಿಗೆ ಇನ್ನೂ ಮದುವೇನೇ ಆಗಿಲ್ಲ, ನಮ್ದು ಪರವಾಗಿಲ್ಲ.’ ಹಿರಿಯರು ಇದನ್ನು ಧಾರಾಳವಾಗಿ ಶಿಫಾರಸು ಮಾಡುತ್ತಾರೆ. ತಕ್ಷಣಕ್ಕೆ ಹಾಯೆನಿಸುವುದೂ ನಿಜ. ಆದರೆ ಪೆಟ್ರೋಲು ಅದೇ, ಇಂಜಿನ್ನೂ ಅದೇ. ಅವನ ಮದುವೆಯ ಆಮಂತ್ರಣ ಪತ್ರಿಕೆ ಬಂದ ದಿನ ನೀವು ಮತ್ತೆ ಹೊರಟಲ್ಲಿಗೇ ಬಂದು ನಿಲ್ಲುತ್ತೀರಿ.

ಗುಂಡಿಗಳು

ಸ್ಟೇಟಸ್ ಮೇಲೆ ಬೆರಳೊತ್ತಿ ಹಿಡಿದರೆ ಮ್ಯೂಟ್ ಅಂತ ಬರುತ್ತದೆ. ಒತ್ತಿದ್ದು ಆ ಕಡೆಯವರಿಗೆ ತಿಳಿಯುವುದಿಲ್ಲ. ಚಿಕ್ಕಮ್ಮನ ಮೇಲೂ ನಿರ್ಭಯವಾಗಿ ಪ್ರಯೋಗಿಸಬಹುದು. ಇನ್‌ಸ್ಟಾಗ್ರಾಂನಲ್ಲಿ ಲೈಕಿನ ಎಣಿಕೆ ಮರೆಮಾಡುವ ಸೌಲಭ್ಯ 2021ರಿಂದ ಇದೆ. ಸೆಟ್ಟಿಂಗ್ಸಿನ ಒಳಗಿನ ಒಳಮನೆಯಲ್ಲಿ ಇರುವುದರಿಂದ ಹುಡುಕಬೇಕು. ವಾಟ್ಸಾಪಿನ ನೀಲಿ ಟಿಕ್ಕು ಆಫ್ ಮಾಡಿದರೆ ನಿಮ್ಮ ಸ್ಟೇಟಸ್ ಯಾರು ನೋಡಿದರು ಎಂಬ ಪಟ್ಟಿಯೂ ಹೋಗುತ್ತದೆ. ಆ ಪಟ್ಟಿಯಲ್ಲಿ ಒಂದೇ ಒಂದು ಹೆಸರಿಗಾಗಿ ದಿನಕ್ಕೆ ಹತ್ತು ಸಲ ಇಣುಕುವವರು ಮೊದಲು ಮನಸ್ಸು ಗಟ್ಟಿ ಮಾಡಿಕೊಳ್ಳಿ.

ದುರಸ್ತಿ

ಇಷ್ಟಾದರೂ ಯಂತ್ರ ನಿಲ್ಲದಿದ್ದರೆ, ಮನೆ ಕಟ್ಟಿಸಿದವನಿಗೇ ಫೋನು ಮಾಡಿ. ಮೆಸೇಜು ಬೇಡ, ಫೋನು. ‘ಏನಪ್ಪಾ, ಮನೆ ಭರ್ಜರಿಯಾಗಿದೆ’ ಅಂತ ಶುರುಮಾಡಿ ಸುಮ್ಮನಾಗಿ. ಮೊದಲ ಐದು ನಿಮಿಷ ಮೇಸ್ತ್ರಿ ಕೈಕೊಟ್ಟದ್ದು. ಆಮೇಲೆ ಬೋರ್‌ವೆಲ್: ಸಾವಿರ ಅಡಿ ಹೋದರೂ ಬರೀ ಧೂಳು, ಈಗ ದಿನ ಬಿಟ್ಟು ದಿನ ಟ್ಯಾಂಕರು. ಅಲ್ಲಿಂದ ಇ-ಖಾತಾಕ್ಕೆ ಅಲೆದ ಪುರಾಣ. ಮಧ್ಯೆ ಅವನ ಹೆಂಡತಿ, ‘ಅದನ್ನೆಲ್ಲ ಯಾಕ್ರೀ ಹೇಳ್ತೀರಿ ಅವ್ರಿಗೆ’ ಅನ್ನುವುದು ಕೇಳಿಸುತ್ತದೆ. ಆಗ ಫೋನ್ ಇಟ್ಟುಬಿಡಬೇಡಿ. ಅವನು ಬಾಲ್ಕನಿಗೆ ಬಂದು ದನಿ ತಗ್ಗಿಸುತ್ತಾನೆ. ಇಎಂಐ ವಿಷಯ ಶುರುವಾಗುವುದು ಅಲ್ಲಿಂದ.