ಚಕ್ರ ತಿರುಗಬೇಕು, ಬಸ್ಸು ಅಲ್ಲಾಡಬಾರದು

ಓಡುವ ಬಸ್ಸಿನ ಫೋಟೋ ತೆಗೆಯಬೇಕೆಂದರೆ ಮೊದಲು ಓಡುವ ಬಸ್ಸು ಸಿಗಬೇಕಲ್ಲ! ಬಸವೇಶ್ವರನಗರದ ಹಾವನೂರು ಸರ್ಕಲ್ಲಿನಲ್ಲಿ ಸಂಜೆ ಹೊತ್ತು ಹೋಗಿ ನಿಂತರೆ, ಫೋಟೋ ಏನು ಬಂತು, ಕೂತು ಪೆನ್ಸಿಲಿನಲ್ಲಿ ಬಸ್ಸಿನ ಚಿತ್ರ ಬರೆದು ಬಣ್ಣ ತುಂಬುವಷ್ಟು ಪುರುಸೊತ್ತು ಸಿಗುತ್ತದೆ. ಆದ್ದರಿಂದ ನಾನು ಆರಿಸಿಕೊಂಡದ್ದು ಭಾನುವಾರದ ಬೆಳಿಗ್ಗೆ, ವಿಜಯನಗರ ಮೆಟ್ರೋ ನಿಲ್ದಾಣದ ಹತ್ತಿರದ ಕಾರ್ಡ್ ರೋಡ್.

ಲೆಕ್ಕ ಸುಲಭ. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಹೋಗುವ ಬಸ್ಸು ಸೆಕೆಂಡಿಗೆ 10 ಮೀಟರ್ ಸಾಗುತ್ತದೆ. ಶಟರ್ 1/50 ಸೆಕೆಂಡ್ ತೆರೆದಿದ್ದರೆ ಅಷ್ಟರೊಳಗೆ ಬಸ್ಸು 20 ಸೆಂಟಿಮೀಟರ್ ಮುಂದೆ. 1/1000 ಇಟ್ಟರೆ ಬರೀ 1 ಸೆಂಟಿಮೀಟರ್. ಎಂಜಿನಿಯರಿಂಗ್ ಓದಿದವನು ನಾನು, ಸೇಫ್ಟಿಗಿರಲಿ ಎಂದು 1/2000 ಇಟ್ಟೆ. ಬಸ್ಸನ್ನು ಬೆನ್ನಟ್ಟಿ ಬರಲೆಂದು ಫೋಕಸ್ಸನ್ನು ಕಂಟಿನ್ಯುಯಸ್ಸಿಗೆ ತಿರುಗಿಸಿ, ಗುಂಡಿ ಒತ್ತಿ ಹಿಡಿದು ಟರ್ರೆಂದು ಹೊಡೆದೆ. ಚಕ್ರದ ನಟ್ಟುಬೋಲ್ಟು, ಕಿಟಕಿಯಾಚೆ ಚಾಚಿದ್ದ ಯಾರದೋ ಮೊಣಕೈ, ಬಾಗಿಲ ಹತ್ತಿರದ ಎಲೆಯಡಿಕೆ ಕಲೆ ಎಲ್ಲ ಕೆತ್ತಿದ ಹಾಗೆ ಬಂದಿತ್ತು.

ಮನೆಯಲ್ಲಿ ತೋರಿಸಿದೆ. ಹೆಂಡತಿ ಮರುಕದಿಂದ, "ಪಾಪ, ಕೆಟ್ಟು ನಿಂತಿತ್ತಾ ರೀ ಬಸ್ಸು?" ಅಂದಳು.

ಮಗಳು ಇನ್ನೊಂದು ಹೆಜ್ಜೆ ಮುಂದೆ. ಬಸ್ಸಿನ ಹಣೆಯ ಎಲ್‌ಇಡಿ ಬೋರ್ಡಿನಲ್ಲಿ ಕೆಂಗೇರಿ ಅರ್ಧವೇ ಮೂಡಿತ್ತು. ಆ ದೀಪಗಳು ಒಟ್ಟಿಗೆ ಉರಿಯುವುದಿಲ್ಲ, ಸರದಿಯಲ್ಲಿ ಮಿನುಗುತ್ತವೆ. ನಮ್ಮ ಕಣ್ಣು ಮೋಸಹೋಗುತ್ತದೆ, ಚುರುಕು ಶಟರ್ ಹೋಗುವುದಿಲ್ಲ. ಇದನ್ನೆಲ್ಲ ನಾನು ವಿವರಿಸುವಷ್ಟರಲ್ಲಿ ಅವಳು, "ಅಪ್ಪಾ, ಇದು ನಾಯಂಡಹಳ್ಳೀಲೇ ಇಳಿಸಿಬಿಡೋ ಬಸ್ಸಾ?" ಅಂತ ಕೇಳಿ ಆಗಿತ್ತು.

ಮುಂದಿನ ಭಾನುವಾರ ಪ್ಯಾನಿಂಗ್. ಶಟರನ್ನು 1/30ಕ್ಕೆ ಇಳಿಸಬೇಕು. ಕ್ಲಿಕ್ಕಿಸುವ ದಿಕ್ಕಿಗೆ ಪಾದ ಊರಿ, ಬಸ್ಸು ಬರುವ ಕಡೆಗೆ ಸೊಂಟ ಮಾತ್ರ ತಿರುಗಿಸಿ, ಬಸ್ಸಿನ ವೇಗಕ್ಕೇ ಸೊಂಟ ತಿರುಗಿಸುತ್ತ ಬಂದು ಮೆತ್ತಗೆ ಒತ್ತಬೇಕು. ಒತ್ತಿದ ಮೇಲೂ ನಿಲ್ಲಿಸಬಾರದು. ಆಗ ಬಸ್ಸು ಸ್ಪಷ್ಟ, ಹಿನ್ನೆಲೆಯೆಲ್ಲ ಗೆರೆಗೆರೆ. ಪಕ್ಕದ ಎಳನೀರಿನವನು ಒಂದೆರಡು ಸಲ ತಲೆ ತಗ್ಗಿಸಿ, ಆಮೇಲೆ ಗಾಡಿಯನ್ನೇ ಹಿಂದಕ್ಕೆಳೆದುಕೊಂಡ. ನನ್ನ ಸೊಂಟದ ವೇಗಕ್ಕೆ ಹೊಂದಿದ್ದು ಬಸ್ಸಲ್ಲ, ಅದರ ಪಕ್ಕದಲ್ಲಿ ತೆವಳುತ್ತಿದ್ದ ಸ್ಕೂಟರಿನ ಗ್ಯಾಸ್ ಸಿಲಿಂಡರು. ಅದರಷ್ಟು ಚೊಕ್ಕವಾದ ಸಿಲಿಂಡರನ್ನು ನಾನು ಎಲ್ಲೂ ಕಂಡಿಲ್ಲ.

ಸಮಾಧಾನಕ್ಕೆ ಫ್ರಾನ್ಸಿನ ಲಾರ್ಟಿಗ್ ಇದ್ದಾನೆ. ನೂರು ವರ್ಷಗಳಿಗೂ ಹಿಂದೆ ಅವನು ರೇಸ್ ಕಾರಿನ ಫೋಟೋ ತೆಗೆದಾಗ ಚಕ್ರ ಮೊಟ್ಟೆಯಾಕಾರವಾಗಿ ಮುಂದಕ್ಕೆ ವಾಲಿತ್ತು, ನೋಡುತ್ತಿದ್ದ ಜನ ಹಿಂದಕ್ಕೆ ವಾಲಿದ್ದರು. ಶಟರಿನ ಸೀಳು ಸರಿದು ಹೋಗುವಷ್ಟರಲ್ಲಿ ಕಾರೂ ಸರಿದಿತ್ತು, ಕ್ಯಾಮೆರಾವೂ ತಿರುಗಿತ್ತು. 1963ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಅವನ ಚಿತ್ರಗಳ ಪ್ರದರ್ಶನ ಏರ್ಪಡಿಸಿತು. ನನ್ನ ಎಲೆಕ್ಟ್ರಾನಿಕ್ ಶಟರಿನಲ್ಲೂ ಬಸ್ಸು ವಾಲಿದೆ. ನ್ಯೂಯಾರ್ಕಿನಿಂದ ಫೋನ್ ಬಂದಿಲ್ಲ.

ಬಸ್ಸಿನ ಸಹವಾಸ ಸಾಕೆಂದು ಬೈಕುಗಳ ಕಡೆ ತಿರುಗಿದೆ. ಜೇಬುಗಳೇ ತುಂಬಿದ್ದ ನನ್ನ ಜಾಕೆಟ್ಟಿನ ಬಣ್ಣ ಖಾಕಿ. ಕೈಯಲ್ಲಿ ಉದ್ದ ಲೆನ್ಸು. ದೂರದಿಂದ ನನ್ನನ್ನು ಕಂಡವರೆಲ್ಲ ಬ್ರೇಕ್ ಹಾಕತೊಡಗಿದರು. ಮೊಣಕೈಗೆ ನೇತುಹಾಕಿಕೊಂಡಿದ್ದ ಹೆಲ್ಮೆಟ್ಟು ತಲೆಗೇರಿತು. ಒನ್‌ವೇಯಲ್ಲಿ ಎದುರಿಗೆ ಬರುತ್ತಿದ್ದವನು ಇಳಿದು, ಬೈಕನ್ನು ತಳ್ಳಿಕೊಂಡು, ಪಾದಚಾರಿಯಾಗಿ ಹೋದ. ಕಾರ್ಡ್ ರೋಡಿನಲ್ಲಿ ಶಿಸ್ತು ನೆಲೆಸಿತು, ಪ್ಯಾನ್ ಮಾಡಲು ಬೇಕಾದ ವೇಗ ಹೊರಟುಹೋಯಿತು.

ಒಬ್ಬ ಹುಡುಗ ಮಾತ್ರ ನನ್ನನ್ನು ಗಮನಿಸದೆ ಸೊಯ್ಯೆಂದು ಬಂದ. ಹೊಡೆದೆ. ಅವನು ಮುಂದೆ ಹೋಗಿ, ಗಾಬರಿಯಾಗಿ ವಾಪಸ್ ಬಂದ.

"ಸಾರ್, ಹಾಲಿಗೆ ಅಂತ ಬಂದೆ ಸಾರ್, ಹೆಲ್ಮೆಟ್ ಮನೇಲಿದೆ. ಡಿಲೀಟ್ ಮಾಡಿ ಸಾರ್."

ಪರದೆ ತೋರಿಸಿದೆ. ಅವನ ಮುಖ ಒಂದು ಕಂದು ಗೆರೆ, ನಂಬರ್ ಪ್ಲೇಟು ಒಂದು ಬಿಳಿ ಗೆರೆ.

"ಸೂಪರ್ ಫೋಟೋ ಸಾರ್! ಹಿಂಗೇ ತೆಗೀರಿ ಸಾರ್!"

ಅಷ್ಟು ದಿನದಲ್ಲಿ ಸಿಕ್ಕ ಮೊದಲ ಮೆಚ್ಚುಗೆ. ಉಬ್ಬಿಹೋಗಿ, "ನಿಂತ್ಕೋಪ್ಪಾ, ನಿಂದೊಂದು ಚೆನ್ನಾಗಿ ತೆಗೀತೀನಿ" ಅಂದೆ. ಅವನು ಬೈಕಿಗೆ ಒರಗಿ, ಕೂದಲು ಸರಿಮಾಡಿಕೊಂಡು ನಿಂತ. ಕಣ್ಣರೆಪ್ಪೆ, ಹಾಲಿನ ಪ್ಯಾಕೆಟ್ಟಿನ ಮೇಲಿನ ಬೆವರು, ನಂಬರ್ ಪ್ಲೇಟಿನ ಒಂದೊಂದು ಅಂಕಿ, ಎಲ್ಲ ಎದ್ದು ಕಾಣುವಂತೆ ಬಂತು.

ಅವನು ಅದನ್ನು ಬಹಳ ಹೊತ್ತು ನೋಡಿದ.

"ಸಾರ್, ಇದನ್ನ ಡಿಲೀಟ್ ಮಾಡಿಬಿಡಿ ಸಾರ್."