ನಿಂತರೆ ಜ್ವರ

ನಮ್ಮ ಮನೆಯ ಹಳೆಯ ಕಾರು ಓಡಿ ದಣಿದದ್ದು ನಾನು ಕಂಡಿಲ್ಲ. ಅದಕ್ಕೆ ಆಗಿಬರದಿದ್ದದ್ದು ನಿಲ್ಲುವುದು. ತುಮಕೂರು ದಾಟಿ ಶಿರಾ ಕಡೆಗೆ ಬಿಟ್ಟರೆ ಏಪ್ರಿಲ್ ಮಧ್ಯಾಹ್ನದಲ್ಲೂ ಟೆಂಪರೇಚರ್ ಮುಳ್ಳು ಅರ್ಧಕ್ಕೆ ಕೂತು ಅಲ್ಲಾಡುತ್ತಿರಲಿಲ್ಲ. ವಾಪಸು ಬಂದು ಗೊರಗುಂಟೆಪಾಳ್ಯದಲ್ಲಿ ಒಂದನೇ ಗೇರಿನ ತೆವಳಾಟ ಶುರುವಾಯಿತೋ, ಮುಳ್ಳು ಎದ್ದು ಕೆಂಪು ಗೆರೆಯ ಕಡೆ ಹೊರಟುಬಿಡುತ್ತಿತ್ತು. ಆ ಸಿಗ್ನಲ್ಲಿನಲ್ಲಿ ಮುಂದಕ್ಕೆ ಹೋಗುತ್ತಿದ್ದದ್ದು ಅದೊಂದೇ.

ಬೆಂಗಳೂರಿನ ನಡುರಸ್ತೆಯಲ್ಲಿ ಬಾನೆಟ್ ಎತ್ತಿದರೆ ನೀರಿಗೆ ಬರ ಬರಬಹುದು, ಸಲಹೆಗೆ ಬರುವುದಿಲ್ಲ. ಇಲ್ಲೊಂದು ವಿಷಯ ಹೇಳಬೇಕು. ಕಾರು ಓಡಿಸುವವಳು ನಾನು. ನಮ್ಮ ಯಜಮಾನರಿಗೆ ಸ್ಕೂಟರ್ ಬಿಟ್ಟರೆ ಬೇರೆ ವಾಹನ ಬಾರದು. ಆದರೆ ಸಲಹೆಗಳೆಲ್ಲ ನನ್ನನ್ನು ದಾಟಿ ನೇರವಾಗಿ ಅವರಿಗೇ ತಲುಪುತ್ತಿದ್ದವು. "ಸಾರ್, ಕ್ಲಚ್ ಜಾಸ್ತಿ ಒತ್ತುತ್ತಿದ್ದೀರಿ" ಎಂದು ಒಬ್ಬರು ಹೇಳಿದರೆ, ಕ್ಲಚ್ ಯಾವ ಕಾಲಿನ ಬಳಿ ಇದೆಯೆಂದು ತಿಳಿಯದ ಈ ಮನುಷ್ಯ ಗಂಭೀರವಾಗಿ ತಲೆಯಾಡಿಸುತ್ತಿದ್ದರು. ಪಕ್ಕದ ಆಟೋದವರು "ಏನ್ ಸಾರ್, ಬೋಂಡಾ ಕರೀತಿದ್ದೀರಾ?" ಎಂದರು. ಅವರ ಗಾಡಿಗೆ ರೇಡಿಯೇಟರೇ ಇಲ್ಲ, ನಗಲು ಅಡ್ಡಿಯಿಲ್ಲ.

ಬೈಕಿನಿಂದಿಳಿದ ಒಬ್ಬ ಪುಣ್ಯಾತ್ಮ ನೀರಿನ ಬಾಟಲಿ ಹಿಡಿದು ರೇಡಿಯೇಟರ್ ಕ್ಯಾಪಿಗೇ ಕೈ ಹಾಕಿದ. ನಾನು ಕೂಗಿದ್ದಕ್ಕೆ ಅವನ ಮುಖ ಉಳಿಯಿತು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕ್ಯಾಪ್ ಬಿಗಿಯಾಗಿದ್ದರೆ ಒಳಗಿನ ಒತ್ತಡದಲ್ಲಿ ಅದು 110 ಡಿಗ್ರಿ ಮುಟ್ಟಿದರೂ ಸುಮ್ಮನಿರುತ್ತದೆ. ಕ್ಯಾಪ್ ತಿರುವಿದ ಕ್ಷಣವೇ ಒತ್ತಡವೂ ಹೋಯಿತು, ಆ ಸುಮ್ಮನಿರುವಿಕೆಯೂ ಹೋಯಿತು.

ಆಮೇಲೆ ಮನೆಗೆ ಬಂದ ವೈದ್ಯರ ಸರದಿ. ನಮ್ಮ ಮಾವನವರು ಆಗುಂಬೆ ಘಾಟಿ ಹತ್ತುವಾಗ ಅಂಬಾಸಿಡರಿಗೆ ಕೊಡಗಟ್ಟಲೆ ನೀರು ಕುಡಿಸಿದ ಕಾಲದವರು. "ನೀರು ಹಾಕಿದರಾಯಿತು, ಕೂಲಂಟ್ ಎಲ್ಲ ಕಂಪನಿಯವರ ಕತೆ" ಎಂದರು. ಹೊಳೆಯ ನೀರಿನ ಮಾತು ಬೇರೆ. ನಮ್ಮ ಬೋರ್‌ವೆಲ್ ನೀರು ಸ್ನಾನದ ಗೀಸರಿಗೇ ಸುಣ್ಣ ಕಟ್ಟುತ್ತದೆ, ರೇಡಿಯೇಟರಿನ ಸಣ್ಣ ಕೊಳವೆಗಳನ್ನು ಬಿಟ್ಟೀತೇ? ಗ್ಯಾರೇಜಿನವನದು ಇನ್ನೂ ಸುಲಭದ ಔಷಧ: "ಥರ್ಮೋಸ್ಟ್ಯಾಟ್ ಕಿತ್ತು ಬಿಸಾಕೋಣ ಸಾರ್. ನಮ್ಮ ಊರಿಗೆ ಅದು ಬೇಡ." ಬೇಡವೆಂದು ಯಾರು ಹೇಳಿದರೋ! ಎಂಜಿನ್ 80 ಡಿಗ್ರಿ ದಾಟುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವುದು ಅದರ ಕೆಲಸ. ಅದನ್ನು ಕಿತ್ತರೆ ಎಂಜಿನ್ ಹದಕ್ಕೆ ಬರುವುದೇ ತಡ, ಪೆಟ್ರೋಲೂ ಹೆಚ್ಚು ಕುಡಿಯುತ್ತದೆ. ಎರಡನೇ ಗ್ಯಾರೇಜಿನವರು ಮುಖ ಸಪ್ಪಗೆ ಮಾಡಿ "ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ ಬಿಚ್ಚಬೇಕು" ಎಂದು ಐದಂಕಿಯ ಮೊತ್ತ ಹೇಳಿದರು. ಗ್ಯಾಸ್ಕೆಟ್ ಹೋಗಿ ನೀರು ಆಯಿಲಿಗೆ ಸೇರಿದರೆ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ನಾನು ಡಿಪ್‌ಸ್ಟಿಕ್ ಎಳೆದು ತೋರಿಸಿದೆ, ಅಪ್ಪಟ ಕಪ್ಪು. ಅವರು ಅದನ್ನು ನೋಡಿ, ನನ್ನನ್ನು ನೋಡಿ, "ಸಾರ್, ಮೇಡಂ ತುಂಬ ಓದ್ತಾರೆ" ಎಂದರು.

ಎಲ್ಲ ವೈದ್ಯರೂ ಒಮ್ಮತದಿಂದ ಹೇಳಿದ್ದ ಪಥ್ಯವೊಂದಿತ್ತು: ಎ.ಸಿ. ಹಾಕಬೇಡಿ. ಹಾಗಾಗಿ ಆ ಬೇಸಿಗೆಯಿಡೀ ಗಾಜು ಇಳಿಸಿ, ಬಿ.ಎಂ.ಟಿ.ಸಿ. ಬಸ್ಸುಗಳ ಹೊಗೆ ಸೇವಿಸುತ್ತ, ಬೆವರು ಸುರಿಸಿಕೊಂಡು ಎಂಜಿನ್ನಿನ ಆರೋಗ್ಯ ಕಾಪಾಡಿದೆವು.

ಕೊನೆಗೆ ಜೆ.ಸಿ. ರಸ್ತೆಗೆ ಹೋದೆವು. ಆ ರಸ್ತೆಯಲ್ಲೊಂದು ರವೀಂದ್ರ ಕಲಾಕ್ಷೇತ್ರ, ಮಿಕ್ಕಂತೆ ಎಲ್ಲಿ ನೋಡಿದರೂ ಗಾಡಿಗಳ ಬಿಡಿಭಾಗ. ನಾಟಕ ಎರಡೂ ಕಡೆ ಚೆನ್ನಾಗಿರುತ್ತದೆ. ಗಲ್ಲಿಯೊಳಗೆ ಪೆಟ್ಟಿಗೆಯಂಥ ಅಂಗಡಿಯ ಆಟೋ ಎಲೆಕ್ಟ್ರಿಷಿಯನ್ ಹುಡುಗ ಮೊದಲು ಕೇಳಿದ್ದು, "ಗಾಡಿ ಓಡಿಸೋದು ಯಾರು?"

"ನಾನು."

"ಅಕ್ಕ, ನಿಂತಾಗ ಹೀಟ್ ಆಗುತ್ತೋ, ಓಡುವಾಗ ಆಗುತ್ತೋ?"

ಅಷ್ಟು ದಿನ ಯಾರೂ ಕೇಳದ ಪ್ರಶ್ನೆ ಇದು. ಸುಟ್ಟ ಪೆಟ್ರೋಲಿನ ಶಕ್ತಿಯಲ್ಲಿ ಚಕ್ರಕ್ಕೆ ಸಿಗುವುದು ಕಾಲು ಭಾಗದ ಆಸುಪಾಸು, ಉಳಿದದ್ದರಲ್ಲಿ ಬಹುಪಾಲು ಸೈಲೆನ್ಸರಿನಿಂದಲೂ ರೇಡಿಯೇಟರಿನಿಂದಲೂ ಶಾಖವಾಗಿ ಹೊರಬೀಳಬೇಕು. ಗಾಡಿ ಓಡುತ್ತಿದ್ದರೆ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ನಿಂತರೆ ಗಾಳಿ ಬೀಸುವ ಹೊಣೆ ಫ್ಯಾನಿನದು. ಓಡುವಾಗಲೂ ಹೀಟ್ ಆದರೆ ನೀರಿನ ಹಾದಿಯಲ್ಲಿ, ಎಂದರೆ ಪಂಪಿನಲ್ಲೋ ಥರ್ಮೋಸ್ಟ್ಯಾಟಿನಲ್ಲೋ ಕಟ್ಟಿಕೊಂಡ ರೇಡಿಯೇಟರಿನಲ್ಲೋ ತೊಂದರೆ ಹುಡುಕಬೇಕು. ನಿಂತಾಗ ಮಾತ್ರ ಆದರೆ ಮೊದಲು ಗಾಳಿಯ ಹಾದಿ.

"ಎ.ಸಿ. ಹಾಕಿ" ಎಂದ. ಹಾಕಬಾರದಂತೆ ಎಂದೆ. "ಹಾಕಿ ಅಕ್ಕ." ಹಾಕಿದೆ. ಫ್ಯಾನ್ ಗರ್ರನೆ ತಿರುಗಿತು. ನಮ್ಮ ಕಾರಿನಲ್ಲಿ ಆ ಫ್ಯಾನಿಗೆ ಎರಡು ಕಡೆಯಿಂದ ಅಪ್ಪಣೆ ಬರುತ್ತದಂತೆ. ಒಂದು ಎ.ಸಿ.ಯಿಂದ, ಇನ್ನೊಂದು ನೀರು 95 ಡಿಗ್ರಿ ಹತ್ತಿರ ಬಂದಾಗ ಎಚ್ಚರಗೊಳ್ಳುವ ಫ್ಯಾನ್ ಸ್ವಿಚ್ಚಿನಿಂದ. ಸತ್ತಿದ್ದದ್ದು ಆ ಸ್ವಿಚ್ಚು. ಬದುಕಿದ್ದ ಇನ್ನೊಂದು ದಾರಿಯನ್ನು ಪಥ್ಯದ ಹೆಸರಿನಲ್ಲಿ ಮುಚ್ಚಿಸಿದವರು ಆ ಎಲ್ಲ ವೈದ್ಯರು! ನಾನು ಯಜಮಾನರ ಕಡೆ ನೋಡಿದೆ. ಅವರು ಆಗಲೂ ಗಂಭೀರವಾಗಿ ತಲೆಯಾಡಿಸುತ್ತಿದ್ದರು.

"ಸ್ವಿಚ್ ಯಾಕೆ, ಡೈರೆಕ್ಟ್ ಕೊಟ್ಬಿಡ್ಲಾ? ಕೀ ತಿರುಗಿಸಿದ್ರೆ ಫ್ಯಾನ್ ತಿರುಗ್ತಾನೇ ಇರುತ್ತೆ" ಎಂದು ಹುಡುಗ ಆಸೆ ತೋರಿಸಿದ. ಎಂಥ ಜಾಣ ಮೆಕ್ಯಾನಿಕ್ಕಿಗೂ ಈ ಡೈರೆಕ್ಟಿನ ಮೋಹ ತಪ್ಪಿದ್ದಲ್ಲ. ಬೆಳಗಿನ ಚಳಿಯಲ್ಲೂ ತಿರುಗಿ ಸವೆಯುವ ಮೋಟಾರು ನನಗೆ ಬೇಡವಿತ್ತು. ಹೊಸ ಸ್ವಿಚ್ಚನ್ನೇ ಹಾಕಿಸಿದೆ. ಸ್ವಿಚ್ಚು, ಕೂಲಿ ಎರಡೂ ಸೇರಿ ಸಾವಿರ ರೂಪಾಯಿ ದಾಟಲಿಲ್ಲ. ಹುಡುಗ ರೇಡಿಯೇಟರಿನ ಮುಂದೆ ಅಂಟಿದ್ದ ಹುಳುಹುಪ್ಪಟೆಗಳನ್ನೂ ನೀರು ಹಾಯಿಸಿ ತೊಳೆದುಕೊಟ್ಟ.

ನಿಮ್ಮ ಕಾರೂ ಜಾಮಿನಲ್ಲಷ್ಟೇ ಹೀಟ್ ಆಗುತ್ತಿದ್ದರೆ ಹೆಡ್ ಬಿಚ್ಚುವವರಿಗೆ ದೂರದಿಂದಲೇ ಕೈಮುಗಿಯಿರಿ. ಮೊದಲು ಎ.ಸಿ. ಹಾಕಿ, ಫ್ಯಾನ್ ತಿರುಗುತ್ತದೆಯೋ ಇಲ್ಲವೋ ನೋಡಿ. ಎಂಜಿನ್ ಪೂರ್ತಿ ಆರುವ ತನಕ ಆ ಕ್ಯಾಪಿಗೆ ಮಾತ್ರ ಕೈ ಹಾಕಬೇಡಿ, ಬೇರೆಯವರಿಗೂ ಬಿಡಬೇಡಿ.