ಬೆಲ್ಜಿಯಂ ಡ್ರಮ್ಮು, ದೇವದುರ್ಗದ ಹಲಗಿ

ರಾಯಚೂರಿನಲ್ಲಿ ಈಗ ಮಾಳಿಗೆಗೊಬ್ಬ ಸಂಗೀತ ನಿರ್ದೇಶಕ. ಒಂದು ಲ್ಯಾಪ್‌ಟಾಪು, ಒಂದು ಹೆಡ್‌ಫೋನು, ಕಿಟಕಿಗೆ ಹೊಡೆದ ಹಳೇ ಕೌದಿ ಇಷ್ಟಾದರೆ ಸ್ಟುಡಿಯೋ ಸಿದ್ಧ. ಹೆಸರಿಟ್ಟಾಗಿದೆ, ಲೋಗೋ ಬಂದಿದೆ, ಯೂಟ್ಯೂಬ್ ಚಾನೆಲ್ಲೂ ತೆರೆದಿದೆ. ಬಾಕಿ ಇರುವುದು ಹಾಡೊಂದೇ. ವಿಚಾರಿಸಿದರೆ, "ಡ್ರಮ್ಸ್ ಇನ್ನಾ ಫೈನಲ್ ಆಗಿಲ್ರೀ ಕಾಕಾ" ಎನ್ನುತ್ತಾನೆ. ಹೋದ ವರ್ಷವೂ ಹಾಗೇ ಅಂದಿದ್ದ.

ಆರಿಸಬೇಕಾದ್ದು ಅಷ್ಟಿದೆ, ಪಾಪ. ಸುಪೀರಿಯರ್ ಡ್ರಮ್ಮರ್ 3 ಅಂತ ಒಂದು ಡ್ರಮ್ ಸಾಫ್ಟ್‌ವೇರು, 2017ರಲ್ಲಿ ಬಂದದ್ದು. ಜಾರ್ಜ್ ಮ್ಯಾಸೆನ್‌ಬರ್ಗ್ ಎಂಬ ಹೆಸರಾಂತ ಎಂಜಿನಿಯರು ಬೆಲ್ಜಿಯಂನ ಗ್ಯಾಲಕ್ಸಿ ಸ್ಟುಡಿಯೋದಲ್ಲಿ ಕೂತು, ಒಂದೊಂದು ಏಟಿಗೂ ಸಾಲುಸಾಲು ಮೈಕು ಹಚ್ಚಿ ಹಿಡಿದಿಟ್ಟ ಭಂಡಾರ. ಗಾತ್ರ 230 ಜಿಬಿ. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕಿನಲ್ಲಿ ಇಳಿಸಿಕೊಂಡರೆ 115 ದಿನ. ಮಾನ್ವಿಯ ಗದ್ದೆಯಲ್ಲಿ ಸೋನಾ ಮಸೂರಿ ನಾಟಿ ಮಾಡಿದ ದಿನವೇ ಡೌನ್‌ಲೋಡ್ ಒತ್ತಿದರೆ ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಕೊಯ್ಲಿಗೆ ಬರುತ್ತವೆ. ನಡುವೆ ಕರೆಂಟು ಹೋಗಬಾರದು, ಅಷ್ಟೆ. ಹೋಗುತ್ತದೆ. ಶಕ್ತಿನಗರದಲ್ಲಿ 1,720 ಮೆಗಾವ್ಯಾಟಿನ ಸ್ಥಾವರ ಇದೆಯಲ್ಲ ಎಂದು ಯಾರೂ ಕೇಳಬಾರದು. ಬೆಳಕು ನಾಡಿಗೆ, ಬೂದಿ ನಮಗೆ ಎಂದು ಯಾವತ್ತೋ ಹಂಚಿಕೆಯಾಗಿದೆ.

ಅದು ಭಾರವಾಯಿತೆಂದರೆ ಅದೇ ಕಂಪನಿಯ ಈಜಿಡ್ರಮ್ಮರ್ ಇದೆ. ಅದು ಬೇಡವೆಂದರೆ ಅಡಿಕ್ಟಿವ್ ಡ್ರಮ್ಸ್ ಇದೆ. ದುಡ್ಡಿಲ್ಲವೆಂದರೆ ಸ್ಟೀವನ್ ಸ್ಲೇಟ್‌ನವರು ಒಂದು ಕಿಟ್ಟು ಪುಕ್ಕಟೆ ಕೊಡುತ್ತಾರೆ, ಎಂಟಿ ಪವರ್ ಡ್ರಮ್‌ಕಿಟ್ ಪೂರ್ತಿ ಪುಕ್ಕಟೆ. ಆದರೆ ಪುಕ್ಕಟೆ ಸಿಕ್ಕ ಡ್ರಮ್ಮಿಗೆ ಮರ್ಯಾದೆ ಎಲ್ಲಿಯದು? ಹಾಗಾಗಿ ನಮ್ಮ ನಿರ್ದೇಶಕ ರಾತ್ರಿ ಎರಡರವರೆಗೆ ಕಣ್ಣುಮುಚ್ಚಿ ಎರಡು ಸ್ನೇರ್‌ಗಳ ಅಂತರ ಕೇಳುತ್ತಾನೆ. ಒಂದರಲ್ಲಿ 'ಏರ್' ಜಾಸ್ತಿಯಂತೆ. ಮೇ ತಿಂಗಳ ರಾಯಚೂರಿನಲ್ಲಿ ಬೆವರೊರೆಸಿಕೊಳ್ಳುತ್ತ ಅವನು ಗಾಳಿ ಹುಡುಕುತ್ತಿರುವುದು ಬೆಲ್ಜಿಯಂ ಕೋಣೆಯಲ್ಲಿ.

ಇಷ್ಟೆಲ್ಲ ಯಾವ ಹಾಡಿಗೆ? ದೇವದುರ್ಗದ ಕಡೆ ಜಾತ್ರೆಗೆ ಬಿಡುವ ಜಾನಪದ ಡಿಜೆ ಹಾಡಿಗೆ. ಹುಡುಗಿ ಕೈಕೊಟ್ಟ ಮೇಲೆ ಟ್ರ್ಯಾಕ್ಟರ್ ಓಡಿಸುತ್ತ ಅಳುವ ಹುಡುಗನ ಕಥೆಗೆ. ಕಿಟ್ಟು ಮಾತ್ರ ಹೆವಿ ಮೆಟಲ್‌ನದು. ಹಾಡು ಮುಗಿದರೂ ಅದು ಹೋಗಿ ಸೇರುವುದು ಟ್ರ್ಯಾಲಿಯ ಮೇಲೆ ಕಟ್ಟಿದ ಬಾಕ್ಸಿಗೆ. ಅಲ್ಲಿ ಬಾಸೊಂದು ಬಿಟ್ಟು ಉಳಿದ ದೇವರೆಲ್ಲ ಮೌನ. ಓವರ್‌ಹೆಡ್ ಮೈಕು, ರೂಮ್ ಮೈಕು ಎಂದು ಮಾಸೊಪ್ಪತ್ತು ತಲೆ ಕೆಡಿಸಿಕೊಂಡದ್ದನ್ನು ಕುಣಿಯುವವರಲ್ಲಿ ಒಬ್ಬನೂ ಕೇಳಿಸಿಕೊಳ್ಳುವುದಿಲ್ಲ.

ಹಾಡಿಗೆ ಇಷ್ಟೊಂದು ಸದ್ದು ಬೇಕೂ ಇಲ್ಲ. 1980ರಲ್ಲಿ ರೋಜರ್ ಲಿನ್ ಎಂಬಾತ ನಿಜವಾದ ಡ್ರಮ್ಮಿನ ಸದ್ದನ್ನು ಚಿಪ್ಪಿನೊಳಗೆ ತುಂಬಿ ಎಲ್‌ಎಂ-1 ಯಂತ್ರ ಮಾಡಿದ. ಅದರೊಳಗೆ ಇದ್ದದ್ದು 12 ಸದ್ದು. ಅಮೆರಿಕದ ಗಾಯಕ ಪ್ರಿನ್ಸ್ ಅಷ್ಟರಲ್ಲೇ ಜಗತ್ತನ್ನು ಕುಣಿಸಿದ. ಅಷ್ಟು ದೂರ ಹೋಗುವುದೂ ಬೇಡ. ಮಾನ್ವಿ ಸೀಮೆಯ ಚೀಕಲಪರ್ವಿಯ ವಿಜಯದಾಸರು, ದೇವದುರ್ಗದ ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯಲ್ಲೇ ನೆಲೆಸಿದ ಜಗನ್ನಾಥದಾಸರು ಇವರ ಬಳಿ ಇದ್ದದ್ದು ತಂಬೂರಿ, ತಾಳ. ಆರಿಸಲು ಏನೂ ಇರಲಿಲ್ಲ. ಅದಕ್ಕೇ ಹಾಡು ಮುಗಿದವು.

ಇನ್ನು ಹೊಸ ಕಾಲದ ಪವಾಡ ಕೇಳಿ. ಒಂದೇ ಏಟನ್ನು ಕಂಪ್ಯೂಟರು ಮತ್ತೆಮತ್ತೆ ಬಾರಿಸಿದರೆ ಮಷಿನ್‌ಗನ್ ಹಾರಿಸಿದಂತೆ ಕೇಳುತ್ತದೆ. ಅದಕ್ಕಾಗಿ ಒಂದೇ ಸ್ನೇರನ್ನು ಮೆಲ್ಲಗೆ, ತುಸು ಜೋರಾಗಿ, ಇನ್ನೂ ಜೋರಾಗಿ ಹತ್ತಾರು ಸಲ ರೆಕಾರ್ಡ್ ಮಾಡಿ ಸರದಿಯಂತೆ ಬಿಡುತ್ತಾರೆ. ಅದೂ ಸಾಲದೆಂದು 'ಹ್ಯೂಮನೈಸ್' ಎಂಬ ಗುಂಡಿ. ಒತ್ತಿದರೆ ಯಂತ್ರ ಅಲ್ಲಲ್ಲಿ ತುಸು ಹಿಂದೆಮುಂದೆ ಬಾರಿಸಿ ಮನುಷ್ಯನ ಹಾಗೆ ನಟಿಸುತ್ತದೆ. ಮನುಷ್ಯ ಸಿಗದ ಊರಿಗೆ ಇದು ಬೇಕು, ಒಪ್ಪೋಣ. ರಾಯಚೂರು ಜಿಲ್ಲೆಗೆ ಯಾಕೆ?

ಮೊಹರಮ್ಮಿನಲ್ಲಿ ಯಾವುದಾದರೂ ಊರಿನ ಅಲಾಯಿ ಕುಣಿಯ ಹತ್ತಿರ ನಿಂತು ನೋಡಿ. ಹಲಗಿಯವನು ಬೆಂಕಿಗೆ ಚರ್ಮ ಹಿಡಿದು ಕಾಯಿಸುತ್ತಾನೆ, ಬೆರಳಲ್ಲಿ ತಟ್ಟಿ ಕಿವಿಗೊಡುತ್ತಾನೆ, ಸಾಲದೆನಿಸಿದರೆ ಮತ್ತೆ ಹಿಡಿಯುತ್ತಾನೆ. ಒಂದು ಕೈಯಲ್ಲಿ ತೆಳು ಕಡ್ಡಿ, ಇನ್ನೊಂದರಲ್ಲಿ ಗಿಡ್ಡ ಕೋಲು. ನಡುವೆ ಬಿದ್ದರೆ ಒಂದು ಸದ್ದು, ಅಂಚಿಗೆ ಬಿದ್ದರೆ ಇನ್ನೊಂದು. ಚರ್ಮ ತಣಿದಂತೆ ಎರಡೂ ಬೇರೆ. ಒಂದು ಏಟಿನ ಹಾಗೆ ಇನ್ನೊಂದಿಲ್ಲ. ಇದಕ್ಕೆ ಗುಂಡಿ ಒತ್ತಬೇಕಿಲ್ಲ, 230 ಜಿಬಿಯೂ ಬೇಕಿಲ್ಲ.

ಆದರೆ ಅವನನ್ನು ಮಾಳಿಗೆಗೆ ಕರೆಯಿರಿ ಎಂದರೆ ನಿರ್ದೇಶಕನ ಮುಖ ಸಪ್ಪಗಾಗುತ್ತದೆ. "ಕ್ವಾಲಿಟಿ ಬರಂಗಿಲ್ರೀ" ಎನ್ನುತ್ತಾನೆ. ಕ್ವಾಲಿಟಿಯ ಮಾತು ನೆಪ. ಹಲಗಿಯವನು ಮೆಟ್ಟಿಲು ಹತ್ತಿ ಒಳಗೆ ಬಂದು ಕುರ್ಚಿಯಲ್ಲಿ ಕೂತು ಅದೇ ಲೋಟದಲ್ಲಿ ಚಹಾ ಕುಡಿಯಬೇಕಾಗುತ್ತದೆ, ಕಷ್ಟ ಇರುವುದು ಅಲ್ಲಿ. ಹೆಣಕ್ಕೆ, ಹಬ್ಬಕ್ಕೆ, ಡಂಗುರಕ್ಕೆ ಹಲಗಿ ಬೇಕು. ಬಾರಿಸುವವನು ಮಾತ್ರ ಅಂಗಳದಾಚೆ ನಿಲ್ಲಬೇಕು. ಸಾಫ್ಟ್‌ವೇರಿನ ಸೊಗಸೇ ಇದು: ಸದ್ದು ಬರುತ್ತದೆ, ಮನುಷ್ಯ ಬರುವುದಿಲ್ಲ. ಬೆಲ್ಜಿಯಂ ಡ್ರಮ್ಮಿಗೆ ಜಾತಿ ಕೇಳುವವರಿಲ್ಲ. ಅದಕ್ಕೆ ಕೇಳಿದಷ್ಟು ಡಾಲರ್ ಸುರಿಯಲು ಸಿದ್ಧನಿರುವವನು ಹಲಗಿಯವನೊಂದಿಗೆ ಐವತ್ತು ರೂಪಾಯಿಗೆ ಚೌಕಾಸಿ ಮಾಡುತ್ತಾನೆ. ನಾಳೆ ಯಾವುದೋ ವಿದೇಶಿ ಕಂಪನಿ ಇದೇ ಹಲಗಿಯನ್ನು ರೆಕಾರ್ಡ್ ಮಾಡಿ ಪೊಟ್ಟಣ ಕಟ್ಟಿ ಮಾರಲಿ, ಮೊದಲು ಕಾರ್ಡ್ ತೆಗೆಯುವವನೂ ಇವನೇ. ಆಗ ಕ್ವಾಲಿಟಿ ತಾನಾಗಿ ಬಂದಿರುತ್ತದೆ.

ಆದ್ದರಿಂದ ಮಾಳಿಗೆಯ ಮಹಾಶಯರಲ್ಲಿ ಒಂದು ವಿನಂತಿ. ಪುಕ್ಕಟೆ ಸಿಗುವ ಒಂದು ಕಿಟ್ಟು ಇಳಿಸಿಕೊಳ್ಳಿ, ಕಿಕ್ಕು ಸ್ನೇರಿಗೆ ಅದು ಧಾರಾಳ ಸಾಕು. ಫ್ಯಾನ್ ಆರಿಸಿ, ಒಂದು ಮೈಕು ಇಟ್ಟು, ಹಲಗಿಯವನನ್ನು ಒಳಗೆ ಕರೆದು ಕೂರಿಸಿ. ನಡುವಿನ ಏಟು, ಅಂಚಿನ ಏಟು, ಕಡ್ಡಿಯ ಏಟು ಒಂದೊಂದನ್ನೂ ಮೆಲ್ಲಗೆ, ಜೋರಾಗಿ ಹಲವು ಸಲ ಬಾರಿಸಲು ಹೇಳಿ. ಸಂಜೆಯೊಳಗೆ ಜಗತ್ತಿನಲ್ಲಿ ಯಾರ ಹತ್ತಿರವೂ ಇಲ್ಲದ ಲೈಬ್ರರಿ ನಿಮ್ಮದು. ಅವನ ಕೂಲಿ ಅವತ್ತೇ ಕೊಡಿ, ಹಾಡಿನ ಕೆಳಗೆ ಅವನ ಹೆಸರು ಹಾಕಿ. ಆಮೇಲೆ ದಯವಿಟ್ಟು ಹಾಡು ಮುಗಿಸಿ.